ಭಾಷೆ ಬೇರೆ, ಲಿಪಿ ಬೇರೆ: ಗಡಿನಾಡಿನ ಓಲೆಗರಿಗಳ ಅಕ್ಷರಚರಿತ್ರೆ

ಉಪಭಾಷೆಗಳ ಗೋಷ್ಠಿಯಲ್ಲಿ ಬಾಯಿಮಾತಿನ ವಿಚಾರ ಬರುವುದು ಸಹಜ. ನಾನು ಎತ್ತಿಕೊಂಡಿರುವುದು ಕೈಬರಹದ ವಿಚಾರ. ಕಾಸರಗೋಡು ಸೀಮೆಯ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಸಂಸ್ಕೃತ ಕಲಿಸಿದವನು ನಾನು. ನನ್ನ ತರಗತಿಯಲ್ಲಿ ಒಂದೇ ಶ್ಲೋಕವನ್ನು ಕೆಲವು ಮಕ್ಕಳು ಕನ್ನಡ ಅಕ್ಷರದಲ್ಲಿ, ಕೆಲವರು ಮಲಯಾಳ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ಪುಸ್ತಕದಲ್ಲಿ ಅದೇ ಶ್ಲೋಕ ನಾಗರಿಯಲ್ಲಿತ್ತು. ಆ ಮಕ್ಕಳಲ್ಲಿ ಅನೇಕರ ಮನೆಯ ಅಟ್ಟದಲ್ಲಿ ಅದೇ ಶ್ಲೋಕ ನಾಲ್ಕನೆಯದೊಂದು ಲಿಪಿಯಲ್ಲಿ, ಓಲೆಗರಿಯಲ್ಲಿ, ಇತ್ತು. ಅದನ್ನು ಓದುವವರು ಮನೆಯಲ್ಲಿ ಇರಲಿಲ್ಲ. ಆ ನಾಲ್ಕನೆಯ ಲಿಪಿಗೆ ತಿಗಳಾರಿ ಎಂದೂ ತುಳುಲಿಪಿ ಎಂದೂ ಹೆಸರು. ಅದು ಎಲ್ಲಿಂದ ಬಂತು, ಹೇಗೆ ನಡೆಯಿತು, ಎಂತಕ್ಕೆ ಮರೆಯಾಯಿತು, ಈಗ ನಮ್ಮಿಂದ ಆಗಬೇಕಾದ್ದೇನು ಎಂಬುದನ್ನು ಕ್ರಮವಾಗಿ ಹೇಳುತ್ತೇನೆ.

1. ಲಿಪಿ ಎಂಬ ಮಾತು

ಮೊದಲು ಶಬ್ದವಿಚಾರ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ‘ಲಿಪಿ’ ಎಂಬ ರೂಪವೂ ‘ಲಿಬಿ’ ಎಂಬ ರೂಪವೂ ಇವೆ. ‘ಯವನಾನೀ’ ಎಂಬ ಶಬ್ದಕ್ಕೆ ವಾರ್ತಿಕಕಾರ ಕಾತ್ಯಾಯನನು ಯವನರ ಲಿಪಿ ಎಂದು ಅರ್ಥ ಹೇಳುತ್ತಾನೆ. ವಾಯವ್ಯದ ಶಾಹಬಾಜ್‌ಗಢಿಯಲ್ಲಿರುವ ಅಶೋಕನ ಶಾಸನದಲ್ಲಿ ಇದೇ ಶಬ್ದ ‘ದಿಪಿ’ ಎಂದಿದೆ. ಪ್ರಾಚೀನ ಪಾರಸಿಕ ಭಾಷೆಯಲ್ಲಿಯೂ ಬರಹಕ್ಕೆ ‘ದಿಪಿ’ ಎಂದೇ ಹೆಸರು. ಎಂದರೆ ಬರಹವನ್ನು ಹೆಸರಿಸುವ ಶಬ್ದವೇ ಗಡಿ ದಾಟಿ ಬಂದದ್ದು. ಬೌದ್ಧರ ಲಲಿತವಿಸ್ತರವು ಅರವತ್ತನಾಲ್ಕು ಲಿಪಿಗಳನ್ನು ಎಣಿಸುತ್ತದೆ. ಅದರಲ್ಲಿ ಬ್ರಾಹ್ಮಿಯೂ ಖರೋಷ್ಠಿಯೂ ಇವೆ, ದ್ರಾವಿಡಲಿಪಿಯೂ ಉಂಟು. ಒಂದು ಭಾಷೆಗೆ ಒಂದೇ ಲಿಪಿ ಎಂಬ ಕಲ್ಪನೆ ನಮ್ಮ ಹಿರಿಯರಲ್ಲಿ ಇರಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

2. ಲೋಕದ ಲಿಪಿಗಳು: ಸ್ಥೂಲ ವಿಭಾಗ

ಲೋಕದಲ್ಲಿ ಬರವಣಿಗೆ ಒಂದೇ ರೀತಿಯಲ್ಲಿ ಬೆಳೆದದ್ದಲ್ಲ. ಸುಮೇರಿನವರು ಕ್ರಿ.ಪೂ. ಸುಮಾರು 3200ರ ಹೊತ್ತಿಗೆ ಹಸಿ ಮಣ್ಣಿನ ಹಲಗೆಯ ಮೇಲೆ ದವಸ, ದನಗಳ ಲೆಕ್ಕ ಬರೆದರು. ಅದರಿಂದ ಬೆಣೆಯಾಕಾರದ ಲಿಪಿ ಬೆಳೆಯಿತು. ಚೀನದಲ್ಲಿ ಒಂದೊಂದು ಪದಾಂಶಕ್ಕೆ ಒಂದೊಂದು ಚಿಹ್ನೆ. ಅಲ್ಲಿ ಬೇರೆ ಬೇರೆ ಪ್ರಾಂತದವರು ಬೇರೆ ಬೇರೆ ರೀತಿ ಉಚ್ಚರಿಸಿದರೂ ಬರೆದದ್ದು ಒಂದೇ. ಫಿನೀಷಿಯದವರು ವ್ಯಂಜನಗಳನ್ನು ಮಾತ್ರ ಬರೆದರು. ಅರಬ್ಬಿ, ಹೀಬ್ರೂ ಲಿಪಿಗಳು ಇಂದಿಗೂ ಮುಖ್ಯವಾಗಿ ಅದೇ ಜಾಡಿನಲ್ಲಿ ನಡೆಯುತ್ತವೆ. ಗ್ರೀಕರು ಫಿನೀಷಿಯದ ಅಕ್ಷರಗಳನ್ನು ತೆಗೆದುಕೊಂಡು, ತಮಗೆ ಬೇಡವಾದ ಕೆಲವು ವ್ಯಂಜನಗಳನ್ನು ಸ್ವರಗಳಾಗಿ ಮಾಡಿಕೊಂಡರು. ರೋಮನ್ ಅಕ್ಷರಮಾಲೆ ಆ ದಾರಿಯಲ್ಲಿ ಬಂದದ್ದು.

ನಮ್ಮದು ಇವೆಲ್ಲಕ್ಕಿಂತ ಭಿನ್ನ. ನಮ್ಮ ‘ಕ’ ಎಂಬ ಅಕ್ಷರದೊಳಗೆ ‘ಅ’ಕಾರ ಸೇರಿಯೇ ಇರುತ್ತದೆ. ಬೇರೆ ಸ್ವರ ಬೇಕಾದರೆ ಅದಕ್ಕೊಂದು ಕಾಗುಣಿತದ ಗುರುತು, ಸ್ವರವೇ ಬೇಡವಾದರೆ ಇನ್ನೊಂದು ಗುರುತು. ಕಂಠದಿಂದ ತುಟಿಯವರೆಗೆ ಸ್ಥಾನ ನೋಡಿ ವರ್ಗಗಳನ್ನು ಜೋಡಿಸಿದ ಕ್ರಮ ಶಿಕ್ಷಾಶಾಸ್ತ್ರದ್ದು. ಲಿಪಿಯ ರೂಪ ಎಷ್ಟು ಬದಲಾದರೂ ಈ ಕ್ರಮ ಬದಲಾಗಲಿಲ್ಲ. ತಿಬೆಟ್ಟು, ಬರ್ಮಾ, ಸಯಾಂ, ಕಾಂಬೋಜ, ಜಾವಾಗಳ ಲಿಪಿಗಳು ಬ್ರಾಹ್ಮಿಯ ಸಂತಾನವೇ. ಜಪಾನಿನವರು ಅಕ್ಷರದ ಆಕಾರವನ್ನು ಚೀನದಿಂದ ಪಡೆದರೂ ಅವರ ಅಕ್ಷರಪಟ್ಟಿಯ ಅನುಕ್ರಮದಲ್ಲಿ ಸಂಸ್ಕೃತ ವರ್ಣಮಾಲೆಯ ಪ್ರಭಾವ ಉಂಟು. ಆಕಾರ ಒಂದು ಕಡೆಯದು, ಕ್ರಮ ಇನ್ನೊಂದು ಕಡೆಯದು! ಲಿಪಿ ಎಂಬುದು ಭಾಷೆಗೆ ತೊಡಿಸಿದ ಅಂಗಿಯೇ ಹೊರತು ಚರ್ಮವಲ್ಲ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದುದು ಇದಕ್ಕೇ.

3. ಬ್ರಾಹ್ಮಿ ದಕ್ಷಿಣಕ್ಕೆ ಬಂದದ್ದು

ದಕ್ಷಿಣದಲ್ಲಿ ಬ್ರಾಹ್ಮಿಯ ದೊಡ್ಡ ಸಾಕ್ಷಿಗಳು ಅಶೋಕನ ಶಾಸನಗಳು, ಕ್ರಿ.ಪೂ. 3ನೆಯ ಶತಮಾನದವು. ಅವನ್ನು ಮುಂದೆ ಓದುವವರೇ ಇಲ್ಲದಾಗಿ, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಮತ್ತೆ ಓದಿದ. ಒಂದು ಲಿಪಿಯನ್ನು ಓದುವ ಪರಂಪರೆ ತುಂಡಾದರೆ ಏನಾಗುತ್ತದೆ ಎಂಬುದಕ್ಕೆ ಇದೇ ದೊಡ್ಡ ಉದಾಹರಣೆ.

ಈ ಶಾಸನಗಳಲ್ಲಿ ಎರಡು ನಮ್ಮ ಗೋಷ್ಠಿಯ ಸೀಮೆಗೆ ತೀರ ಹತ್ತಿರದವು. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ ರಾಯದುರ್ಗಕ್ಕೆ ದೂರವಲ್ಲ. ಅಲ್ಲಿಯ ಶಾಸನವನ್ನು ಬರೆದ ಲಿಪಿಕಾರನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕಾರ’ ಎಂಬರ್ಥದ ತನ್ನ ಬಿರುದನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯದ ಲಿಪಿ, ಬಲದಿಂದ ಎಡಕ್ಕೆ ನಡೆಯುವಂಥದು. ಎರಡು ಲಿಪಿ ಬಲ್ಲ ಒಬ್ಬ ಗುಮಾಸ್ತ ಎಲ್ಲಿಂದಲೋ ನಮ್ಮ ಗುಡ್ಡಕ್ಕೆ ಬಂದು ಕೆಲಸ ಮಾಡಿದ್ದನೆಂದಾಯಿತು. ಇನ್ನೊಂದು ಕರ್ನೂಲು ಜಿಲ್ಲೆಯ ಎರ್ರಗುಡಿಯದು. ಅಲ್ಲಿ ಕೆಲವು ಸಾಲು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ, ಉಳುವ ಎತ್ತು ತಿರುಗಿದ ಹಾಗೆ.

ಇದರ ಮುಂದೆ ಬ್ರಾಹ್ಮಿ ದಕ್ಷಿಣದಲ್ಲಿ ಎರಡು ಮುಖ್ಯ ಕವಲಾಯಿತೆಂದು ಸ್ಥೂಲವಾಗಿ ತಿಳಿದರೆ ನಮ್ಮ ವಿಷಯಕ್ಕೆ ಸಾಕು. ಒಂದು ಕದಂಬರ, ಚಾಲುಕ್ಯರ ಕೈಯಲ್ಲಿ ಬೆಳೆದ ಕನ್ನಡ-ತೆಲುಗು ಕವಲು. ಕ್ರಿ.ಶ. ಸುಮಾರು 450ರ ಹಲ್ಮಿಡಿ ಶಾಸನ ಈ ಕವಲಿನದು. ಶತಮಾನಗಳ ಕಾಲ ಕನ್ನಡ, ತೆಲುಗುಗಳಿಗೆ ಒಂದೇ ಲಿಪಿ ನಡೆಯಿತು. ಮುದ್ರಣದ ಅಚ್ಚುಮೊಳೆಗಳು ಬಂದ ಮೇಲೆ ಎರಡೂ ಗಟ್ಟಿಯಾಗಿ ಬೇರೆಯಾದುವು. ಆದೋನಿ, ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಮಕ್ಕಳು ತೆಲುಗನ್ನು ಬೇಗ ಓದುವುದು ಈ ಹಳೆಯ ನೆಂಟಸ್ತಿಕೆಯಿಂದ.

ಇನ್ನೊಂದು ಗ್ರಂಥಲಿಪಿಯ ಕವಲು. ತಮಿಳಿನಲ್ಲಿ ಖ, ಗ, ಘಗಳಿಗೆ ಬೇರೆ ಬೇರೆ ಅಕ್ಷರವಿಲ್ಲ. ತಾಳವಾಡಿ, ಹೊಸೂರು ಕಡೆ ‘ಭಾಗ್ಯ’ ಎಂಬ ಹುಡುಗಿಯ ಹೆಸರನ್ನು ತಮಿಳಿನಲ್ಲಿ ಬರೆದರೆ ಪಕಾರ, ಕಕಾರಗಳೇ ಬರುವುದು ಇದಕ್ಕಾಗಿಯೇ. ಅಂಥ ಅಕ್ಷರಗಳಿಲ್ಲದೆ ಸಂಸ್ಕೃತ ಬರೆಯುವುದು ಹೇಗೆ? ಅದಕ್ಕೆಂದು ಪಲ್ಲವರ ಕಾಲದಿಂದ ಬೆಳೆದ ಲಿಪಿಯೇ ಗ್ರಂಥ. ಅದು ಪಶ್ಚಿಮ ಕರಾವಳಿಗೆ ಬಂದು ಎರಡು ರೂಪ ತಾಳಿತು. ಕೇರಳದಲ್ಲಿ ಆರ್ಯ ಎೞುತ್ತು ಆಗಿ, ಅಲ್ಲಿಯ ಹಳೆಯ ವಟ್ಟೆೞುತ್ತನ್ನು ಹಿಂದೆ ಹಾಕಿ, ಇಂದಿನ ಮಲಯಾಳ ಲಿಪಿಯಾಯಿತು. ತುಳುನಾಡಿನಲ್ಲಿಯೂ ಮಲೆನಾಡಿನಲ್ಲಿಯೂ ತಿಗಳಾರಿಯಾಯಿತು. ಬರ್ನೆಲ್ ಎಂಬ ವಿದ್ವಾಂಸ 1874ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತನ್ನ ದಕ್ಷಿಣ ಭಾರತದ ಲಿಪಿಶಾಸ್ತ್ರದ ಗ್ರಂಥದಲ್ಲಿ ಇವೆರಡನ್ನೂ ಒಟ್ಟು ಸೇರಿಸಿ ತುಳು-ಮಲಯಾಳ ಲಿಪಿ ಎಂದು ಕರೆದ. ‘ತಿಗುಳ’ ಎಂದರೆ ಹಳಗನ್ನಡದಲ್ಲಿ ತಮಿಳ. ತೆಂಕಣ ಸೀಮೆಯ ಅಕ್ಷರ ಎಂಬ ನೆನಪು ತಿಗಳಾರಿ ಎಂಬ ಹೆಸರಿನಲ್ಲಿಯೇ ಉಳಿದಿದೆ.

4. ತಿಗಳಾರಿಯ ನಡೆ

‘ಗೋಪಾಲ’ ಎಂದು ಬರೆಯಬೇಕು ಎಂದಿಟ್ಟುಕೊಳ್ಳಿ. ಕನ್ನಡದಲ್ಲಿ ಮೊದಲು ಗಕಾರ ಬರೆದು ಆಮೇಲೆ ಅದಕ್ಕೆ ಸ್ವರದ ಗುರುತು ಹಚ್ಚುತ್ತೇವೆ. ತಿಗಳಾರಿಯಲ್ಲಿ ಹಾಗಲ್ಲ. ಮೊದಲು ಎಡಕ್ಕೆ ಏಕಾರದ ಗುರುತು, ನಡುವೆ ಗಕಾರ, ಬಲಕ್ಕೆ ಆಕಾರದ ಗುರುತು. ಕಣ್ಣು ಮೊದಲು ಕಾಣುವುದು ಸ್ವರವನ್ನು, ಬಾಯಿ ಮೊದಲು ಹೇಳುವುದು ವ್ಯಂಜನವನ್ನು. ಕನ್ನಡ ಮಾತ್ರ ಬಲ್ಲವರಿಗೆ ಇಲ್ಲಿ ತೊಡಕಾಗುತ್ತದೆ. ಮಲಯಾಳ ಬಲ್ಲವರಿಗೆ ಆಗುವುದಿಲ್ಲ, ಅಲ್ಲಿಯೂ ಇದೇ ಕ್ರಮ. ಅಕ್ಷರಗಳ ಆಕಾರದಲ್ಲಿಯೂ ಬಹಳಷ್ಟು ಮಲಯಾಳಕ್ಕೆ ಹತ್ತಿರವಾದವು.

ಎರಡನೆಯದಾಗಿ, ಸಂಸ್ಕೃತದಲ್ಲಿ ಹ್ರಸ್ವ ಎಕಾರ, ಒಕಾರ ಇಲ್ಲ. ಸಂಸ್ಕೃತಕ್ಕೆಂದು ಬೆಳೆದ ಲಿಪಿಯಲ್ಲಿ ಅವಕ್ಕೆ ಬೇರೆ ಗುರುತಿನ ಅಗತ್ಯ ಬರಲಿಲ್ಲ. ತುಳು, ಕನ್ನಡ ಬರೆಯುವಾಗ ಹ್ರಸ್ವವೋ ದೀರ್ಘವೋ ಎಂಬುದನ್ನು ಓದುವವನೇ ಅರಿತು ಓದಬೇಕು. ಇದು ತಿಗಳಾರಿಯ ದೋಷವೆಂದು ನಗಬೇಡಿ. ಹಳೆಯ ಕನ್ನಡ ಓಲೆಗಳಲ್ಲಿಯೂ ಸಾಮಾನ್ಯವಾಗಿ ಎ-ಏ ಭೇದದ ಗುರುತು ಇಲ್ಲ.

ಉಪಭಾಷೆಯ ಅಭ್ಯಾಸಿಗಳಿಗೆ ಉಪಯೋಗವಾಗುವ ಮಾತೊಂದನ್ನು ಇಲ್ಲಿ ಸೇರಿಸುತ್ತೇನೆ. ಮಲಯಾಳ ಸಂಪ್ರದಾಯದಲ್ಲಿ ಸಂಸ್ಕೃತದ ‘ಉತ್ಸವ’ ಎಂಬುದನ್ನು ‘ಉಲ್ಸವ’ ಎಂದು ಉಚ್ಚರಿಸುವುದುಂಟು, ಬರೆಯುವುದೂ ಉಂಟು. ತಕಾರ ಅರ್ಧಾಕ್ಷರವಾದಾಗ ಲಕಾರವಾಗುತ್ತದೆ. ಕನ್ನಡ, ತುಳು ಮನೆಗಳಲ್ಲಿ ಹೀಗಿಲ್ಲ. ಒಂದು ಓಲೆಯಲ್ಲಿ ಇಂಥ ಲಕಾರ ಕಂಡರೆ, ಬರೆದವನ ಕಿವಿ ಯಾವ ಕಡೆಯದು ಎಂದು ಊಹಿಸಬಹುದು. ಹೀಗೆ ಲಿಪಿಕಾರನ ‘ತಪ್ಪು’ಗಳು ನಮಗೆ ಉಚ್ಚಾರಣೆಯ ದಾಖಲೆಯಾಗುತ್ತವೆ. ಸಂಪಾದಕರು ಅವನ್ನು ಸದ್ದಿಲ್ಲದೆ ತಿದ್ದದೆ, ಅಡಿಯಲ್ಲಿ ಗುರುತಿಸಬೇಕೆಂದು ನನ್ನ ಪ್ರಾರ್ಥನೆ.

5. ಓಲೆ ಮತ್ತು ಕಂಟ

ಲಿಪಿಯ ಆಕಾರವನ್ನು ಬರೆಯುವ ಸಾಧನವೂ ನಿರ್ಣಯಿಸುತ್ತದೆ. ಸುಮೇರಿನಲ್ಲಿ ಮಣ್ಣಿಗೆ ಜೊಂಡಿನ ತುದಿ ಒತ್ತಿದ್ದರಿಂದ ಬೆಣೆಯ ಆಕಾರ ಬಂತು. ನಮ್ಮಲ್ಲಿ ತಾಳೆಯೋಲೆ. ಓಲೆಯನ್ನು ಬೇಯಿಸಿ, ಒಣಗಿಸಿ, ನಯಮಾಡಿ, ಒಂದೇ ಅಳತೆಗೆ ಕತ್ತರಿಸಿ, ತೂತು ಮಾಡಿ ದಾರ ಪೋಣಿಸುತ್ತಾರೆ. ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು, ಮೇಲೆ ಮಸಿ ತಿಕ್ಕಿ ಒರೆಸಿದರೆ ಗೀಚಿದ ಗೆರೆಯಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ. ಓಲೆಗೆ ಉದ್ದಕ್ಕೆ ನಾರಿದೆ. ಅದೇ ದಿಕ್ಕಿಗೆ ನೇರ ಗೆರೆ ಎಳೆದರೆ ಓಲೆ ಸೀಳುತ್ತದೆ. ದಕ್ಷಿಣದ ಲಿಪಿಗಳು ದುಂಡಾದದ್ದು ಇದರಿಂದ ಎಂಬುದು ಸಾಮಾನ್ಯವಾಗಿ ಒಪ್ಪಿದ ವಿವರಣೆ. ನಾಗರಿಯ ತಲೆಗೆರೆಯನ್ನು ಕಂಟ ಹಿಡಿದು ಓಲೆಯ ಮೇಲೆ ಎಳೆದು ನೋಡಿ, ಗೊತ್ತಾಗುತ್ತದೆ.

ಈ ಲಿಪಿಯಲ್ಲಿ ಉಳಿದ ಬರಹ ಸಣ್ಣದಲ್ಲ. ಮಧ್ವಾಚಾರ್ಯರ ಶಿಷ್ಯ ಹೃಷೀಕೇಶತೀರ್ಥರು ಬರೆದರೆಂದು ಪರಂಪರೆ ಹೇಳುವ ಸರ್ವಮೂಲದ ಓಲೆಪ್ರತಿ ಉಡುಪಿಯ ಪಲಿಮಾರು ಮಠದಲ್ಲಿದೆ, ಅದು ತುಳುಲಿಪಿಯದು. ವೇದ, ಜ್ಯೋತಿಷ, ಆಗಮ, ತಂತ್ರ, ವೈದ್ಯ ಹೀಗೆ ಮನೆಮನೆಯ ಕಟ್ಟುಗಳು ಲೆಕ್ಕಕ್ಕೆ ಮಿಕ್ಕಿ ಉಂಟು. ತುಳು ಭಾಷೆಗೆ ಹಳೆಯ ಸಾಹಿತ್ಯವೇ ಇಲ್ಲವೆಂದು ಬಹಳ ಕಾಲ ಹೇಳುತ್ತಿದ್ದರು. ನಮ್ಮ ಕಾಸರಗೋಡಿನವರೇ ಆದ ವೆಂಕಟರಾಜ ಪುಣಿಂಚತ್ತಾಯರು ಈ ಲಿಪಿಯ ಓಲೆಗಳನ್ನು ಓದಿ, ವಿಷ್ಣುತುಂಗನ ಶ್ರೀ ಭಾಗವತೊ, ಕಾವೇರಿ, ದೇವೀಮಹಾತ್ಮೆಗಳನ್ನು ಬೆಳಕಿಗೆ ತಂದ ಮೇಲೆ ಆ ಮಾತು ನಿಂತಿತು. ಕಾವ್ಯ ಮೊದಲೂ ಇತ್ತು. ಓದುವವರು ಇರಲಿಲ್ಲ, ಅಷ್ಟೆ.

ಇಂಥದೇ ಎರಡು ಪ್ರಸಂಗಗಳನ್ನು ಸಂಸ್ಕೃತ ಬಲ್ಲವರೆಲ್ಲ ನೆನೆಯುತ್ತಾರೆ. ಕೌಟಿಲ್ಯನ ಅರ್ಥಶಾಸ್ತ್ರದ ಗ್ರಂಥಲಿಪಿಯ ಓಲೆಪ್ರತಿ 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂತು, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಮಾಡಿಸಿದರು. ಅದೇ 1909ರಲ್ಲಿ ತಿರುವನಂತಪುರದ ಟಿ. ಗಣಪತಿಶಾಸ್ತ್ರಿಗಳಿಗೆ ಭಾಸನವೆಂದು ಪ್ರಸಿದ್ಧವಾದ ನಾಟಕಗಳು ಮಲಯಾಳ ಲಿಪಿಯ ಓಲೆಯಲ್ಲಿ ದೊರೆತುವು. ಎರಡೂ ಕಡೆ ಗ್ರಂಥ ಉಳಿದದ್ದು ನಾಗರಿಯಲ್ಲಲ್ಲ, ದಕ್ಷಿಣದ ಪ್ರಾಂತೀಯ ಲಿಪಿಯಲ್ಲಿ. ಉಳಿದದ್ದು ಉಪಯೋಗಕ್ಕೆ ಬಂದದ್ದು ಆ ಲಿಪಿಯನ್ನು ಓದುವವರು ಆಗ ಬದುಕಿದ್ದರು ಎಂಬುದರಿಂದ.

6. ಮರೆಯಾದದ್ದು ಹೇಗೆ

ತಿಗಳಾರಿಯನ್ನು ಯಾರೂ ನಿಷೇಧಿಸಲಿಲ್ಲ. ಅದಕ್ಕೆ ಅಚ್ಚುಮೊಳೆ ಸಿಗಲಿಲ್ಲ. ಬಾಸೆಲ್ ಮಿಶನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆದರು. 1843ರಲ್ಲಿ ಹೆರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದ. ಅವರು ತುಳುವನ್ನೂ ಕನ್ನಡ ಅಕ್ಷರದಲ್ಲಿಯೇ ಅಚ್ಚು ಮಾಡಿದರು. ಶಾಲೆ, ಕಚೇರಿ, ಪತ್ರಿಕೆ ಎಲ್ಲವೂ ಕನ್ನಡ ಅಕ್ಷರಕ್ಕೆ ಹೊಂದಿಕೊಂಡುವು.

ಇತ್ತ ಸಂಸ್ಕೃತದ ಪುಸ್ತಕಗಳು ಮುಂಬಯಿಯ ನಿರ್ಣಯಸಾಗರದಂಥ ಮುದ್ರಣಾಲಯಗಳಿಂದ ನಾಗರಿಯಲ್ಲಿ ಬಂದುವು. ನಾಗರಿಯೇ ಸಂಸ್ಕೃತದ ಲಿಪಿ ಎಂಬ ನಂಬಿಕೆ ಮುದ್ರಣಯುಗದ್ದು. ಸಂಸ್ಕೃತದ ಮೊದಲ ಮುದ್ರಿತ ಪುಸ್ತಕವಾದ ಋತುಸಂಹಾರ 1792ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾದದ್ದು ಬಂಗಾಳಿ ಅಕ್ಷರದಲ್ಲಿ ಎಂದರೆ ನಮ್ಮ ಈಗಿನ ಮಕ್ಕಳು ನಂಬಲಿಕ್ಕಿಲ್ಲ. ಸಂಸ್ಕೃತಕ್ಕೆ ಸ್ವಂತ ಲಿಪಿ ಇಲ್ಲ, ಯಾವ ಊರಿನ ಅಕ್ಷರವಾದರೂ ಆಗುತ್ತದೆ. ಹೀಗೆ ತುಳುವನ್ನು ಕನ್ನಡ ಅಕ್ಷರವೂ ಸಂಸ್ಕೃತವನ್ನು ನಾಗರಿಯೂ ವಹಿಸಿಕೊಂಡ ಮೇಲೆ ತಿಗಳಾರಿಗೆ ಕೆಲಸ ಉಳಿಯಲಿಲ್ಲ. ಪುರೋಹಿತರೂ ಜೋಯಿಸರೂ ಒಂದೆರಡು ತಲೆಮಾರು ಹಿಡಿದುಕೊಂಡರು. ನಾನು ಕಲಿತದ್ದು ಅಂಥ ಒಬ್ಬ ವೃದ್ಧರಿಂದ, ರಜೆಯ ದಿನಗಳಲ್ಲಿ, ಜಗಲಿಯಲ್ಲಿ ಕೂತು. ನನ್ನೊಂದಿಗೆ ಕಲಿಯಲು ಬೇರೆ ಯಾರೂ ಬರಲಿಲ್ಲ.

7. ಉಳಿದ ಗಡಿಗಳಲ್ಲಿ

ಈ ಕತೆ ನಮ್ಮ ಒಂದೇ ಗಡಿಯದಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಹಳೆಯ ಕಾಗದಪತ್ರಗಳು ಮೋಡಿಯಲ್ಲಿವೆ. ಮೋಡಿ ಲೇಖನಿ ಎತ್ತದೆ ವೇಗವಾಗಿ ಬರೆಯಲು ಹುಟ್ಟಿದ ಲಿಪಿ. ಅದರಲ್ಲಿ ಇ-ಈ, ಉ-ಊ ಭೇದ ಸಾಮಾನ್ಯವಾಗಿ ತೋರುವುದಿಲ್ಲ. ಪಶ್ಚಿಮ ತೆಲಂಗಾಣದಲ್ಲಿ ನಿಜಾಮರ ಕಾಲದ ಕಂದಾಯದ ಬರಹ ಉರ್ದುವಿನಲ್ಲಿದೆ. ಗೋವೆಯಲ್ಲಿ ಕನ್ನಡದ ಕವಲೇ ಆದ ಗೋಯ್ಕಾನಡಿ ಇತ್ತು, ಈಗ ಕೊಂಕಣಿ ನಾಗರಿ, ರೋಮನ್, ಕನ್ನಡ, ಮಲಯಾಳ, ಅರಬ್ಬಿ ಅಕ್ಷರಗಳಲ್ಲಿ ಹಂಚಿಹೋಗಿದೆ. ಎಲ್ಲ ಕಡೆಯೂ ಒಂದೇ ಪ್ರಶ್ನೆ: ಮನೆಯ ಪೆಟ್ಟಿಗೆಯಲ್ಲಿರುವ ಕಾಗದ ಮನೆಯವರಿಗೆ ಓದಲು ಬರುವುದಿಲ್ಲ. ಜಾಗದ ಹಕ್ಕು, ದೇವಸ್ಥಾನದ ಉಂಬಳಿ, ಔಷಧದ ಪಾಠ, ವಂಶದ ಹೆಸರು, ಇವೆಲ್ಲ ಅದರೊಳಗೆ ಇರಬಹುದು. ಓದಲು ಬಾರದ್ದು ಕಸ ಎಂದು ತಿಳಿದು ನೀರಿಗೆ ಬಿಟ್ಟವರೂ, ಗುಜರಿಯವನಿಗೆ ಕೊಟ್ಟವರೂ ಇದ್ದಾರೆ.

8. ಆಗಬೇಕಾದದ್ದು

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 2017ರ ಮಲಯಾಳ ಕಲಿಕೆಯ ಕಾಯಿದೆ ಬಂದಾಗ ನಮ್ಮ ಕಡೆ ಕನ್ನಡ ಶಾಲೆಗಳ ಭವಿಷ್ಯದ ಬಗ್ಗೆ ಕಳವಳ ಎದ್ದಿತು. ಅದು ನ್ಯಾಯವಾದ ಕಳವಳವೇ. ಆ ವಾದವನ್ನು ನಾನು ಇಲ್ಲಿ ಎತ್ತುವುದಿಲ್ಲ. ಆದರೆ ಅದರೊಟ್ಟಿಗೆ ಒಂದು ಲಾಭವನ್ನೂ ಗಮನಿಸಬೇಕು. ಮನೆಯ ಕನ್ನಡವೂ ಶಾಲೆಯ ಮಲಯಾಳವೂ ಬಲ್ಲ, ಸಂಸ್ಕೃತದ ನಾಲ್ಕು ಶಬ್ದರೂಪ ಕಲಿತ ಗಡಿನಾಡಿನ ಹುಡುಗನಿಗೆ ತಿಗಳಾರಿಯ ಮುಕ್ಕಾಲು ಭಾಗ ಆಗಲೇ ಬಂದಿರುತ್ತದೆ. ಮಲಯಾಳದಿಂದ ಅಕ್ಷರದ ಆಕಾರ, ಸಂಸ್ಕೃತದಿಂದ ಶಬ್ದ, ಕನ್ನಡ-ತುಳುವಿನಿಂದ ಹೊಂದಿಕೆ. ಇಂಥ ಮಕ್ಕಳು ಬೆಂಗಳೂರಿನಲ್ಲಾಗಲಿ ತಿರುವನಂತಪುರದಲ್ಲಾಗಲಿ ಸುಲಭವಾಗಿ ಸಿಗುವುದಿಲ್ಲ. ನಾನು ನಿವೃತ್ತನಾದ ಮೇಲೆ ಆಸಕ್ತಿಯಿಂದ ಬಂದ ಕೆಲವರಿಗೆ ಕಲಿಸಿ ನೋಡಿದ್ದೇನೆ. ಮಲಯಾಳ ಬಲ್ಲವರು ಕೆಲವೇ ವಾರಗಳಲ್ಲಿ ಬಿಡಿ ಅಕ್ಷರ ಓದಿದರು. ಒತ್ತಕ್ಷರಗಳಿಗೆ ಮಾತ್ರ ಹೆಚ್ಚು ದಿನ ಬೇಕಾಯಿತು.

ಕಾಲವೂ ಅನುಕೂಲವಾಗಿದೆ. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಆರಂಭವಾದ ಮೇಲೆ ಓಲೆಗಳ ಪಟ್ಟಿ ಮಾಡುವ ಕೆಲಸಕ್ಕೆ ಗೌರವ ಬಂತು. 2024ರಲ್ಲಿ ಯೂನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿಗೆ ಸ್ಥಾನ ದೊರೆಯಿತು. ಮುದ್ರಣಯುಗದಲ್ಲಿ ಸಿಗದ ಅಚ್ಚುಮೊಳೆ ಗಣಕಯುಗದಲ್ಲಿ ಸಿಕ್ಕಿತೆಂದೇ ಹೇಳಬೇಕು. ಆದರೆ ಗಣಕಕ್ಕೆ ಅಕ್ಷರ ಬಂದರೆ ಸಾಲದು. ಸವೆದ ಓಲೆಯಲ್ಲಿ ಇದು ಪಕಾರವೋ ವಕಾರವೋ ಎಂದು ಅರ್ಥ ನೋಡಿ ನಿರ್ಣಯಿಸುವವರು ಮನುಷ್ಯರೇ ಆಗಬೇಕು.

ಆದ್ದರಿಂದ ಗೋಷ್ಠಿಯ ಮುಂದೆ ಮೂರು ಸೂಚನೆ ಇಡುತ್ತೇನೆ. ಒಂದು, ಉಪಭಾಷೆಯ ಸಂಗ್ರಹಕ್ಕೆ ಹಳ್ಳಿಗೆ ಹೋಗುವ ವಿದ್ಯಾರ್ಥಿಗಳು ಧ್ವನಿ ಮುದ್ರಿಸಿಕೊಳ್ಳುವಾಗಲೇ, ಆ ಮನೆಯಲ್ಲಿ ಓಲೆಗರಿ, ಮೋಡಿ ಕಾಗದ, ಹಳೆಯ ಕಡತ ಏನುಂಟು ಎಂದು ಕೇಳಿ ಬರೆದುಕೊಳ್ಳಲಿ. ಮನೆಯವರ ಒಪ್ಪಿಗೆಯಿಂದ ಚಿತ್ರ ತೆಗೆದು, ಕಟ್ಟನ್ನು ಮನೆಯಲ್ಲಿಯೇ ಬಿಟ್ಟು ಬರಲಿ. ಎತ್ತಿಕೊಂಡು ಹೋಗುತ್ತಾರೆಂಬ ಹೆದರಿಕೆಯಿಂದಲೇ ಅನೇಕರು ಇಲ್ಲವೆನ್ನುವುದು. ಎರಡು, ಗಡಿನಾಡಿನ ಕಾಲೇಜುಗಳಲ್ಲಿ ರಜೆಯ ಅವಧಿಯ ಒಂದು ಲಿಪಿಪಾಠ ನಡೆಯಲಿ: ಕಾಸರಗೋಡಿನಲ್ಲಿ ತಿಗಳಾರಿ, ಸೊಲ್ಲಾಪುರದಲ್ಲಿ ಮೋಡಿ. ಮೂರು, ಓಲೆ ಇರುವ ಮನೆಯವರು ಅದಕ್ಕೆ ಎಣ್ಣೆ ಸುರಿಯುವುದು, ಒದ್ದೆ ಬಟ್ಟೆಯಿಂದ ಒರೆಸುವುದು, ಬಿಸಿಲಿಗೆ ಹರಡುವುದು ಮಾಡಬಾರದು. ತಿಳಿದವರು ಬರುವ ತನಕ ಒಣ ಬಟ್ಟೆಯಲ್ಲಿ ಕಟ್ಟಿ, ತೇವ ತಾಗದ ಕಡೆ ಇಟ್ಟರೆ ಸಾಕು.

ನಾನು ಕಲಿತವರಲ್ಲಿ ಕೊನೆಯವರ ಪೈಕಿ. ಕೈ ನಡುಗುತ್ತದೆ, ಕಣ್ಣಿಗೆ ಕನ್ನಡಕ ಸಾಲದು, ಆದರೂ ಬಂದವರಿಗೆ ಇಲ್ಲವೆಂದಿಲ್ಲ. ನನ್ನ ಹಾಗೆಯೇ ಒಬ್ಬಿಬ್ಬರು ಬೇರೆ ಬೇರೆ ಊರುಗಳಲ್ಲಿ ಇರುವರು. ಅವರಿರುವಾಗಲೇ ಊರಿಗೆ ಇಬ್ಬರಂತೆ ಹುಡುಗರನ್ನೋ ಹುಡುಗಿಯರನ್ನೋ ಕೂರಿಸಿ ಕಲಿಸುವ ವ್ಯವಸ್ಥೆ ಮಾಡಬೇಕೆಂದು ಗೋಷ್ಠಿಯ ಹಿರಿಯರಲ್ಲಿ ವಿನಂತಿಸುತ್ತೇನೆ.